ಬೂದಿಯಿಂದಲೂ ಎಬ್ಬಿಸುವಾತನು



ಪ್ರತಿ ಭಾನುವಾರ ಬಲಿಪೂಜೆಯಲ್ಲಿ ನಾವೆಲ್ಲರೂ ಎದ್ದುನಿಂತು ವಿಶ್ವಾಸ ಪ್ರಮಾಣವನ್ನು ಹೇಳುತ್ತೇವೆ. ಅದರ ಕೊನೆಗೆ ಬರುವಷ್ಟರಲ್ಲಿ ನಮ್ಮಲ್ಲಿ ಹಲವರ ಮನಸ್ಸು ಬೇರೆಲ್ಲೋ ಹೋಗಿರುತ್ತದೆ. ಮಕ್ಕಳು ಕುಳಿತುಕೊಳ್ಳಲು ಆತುರಪಡುತ್ತಿರುತ್ತಾರೆ, ದೊಡ್ಡವರು ಕಾಣಿಕೆಗಾಗಿ ಜೇಬು ತಡಕುತ್ತಿರುತ್ತಾರೆ. ಆದರೆ ಇಡೀ ಪ್ರಮಾಣದಲ್ಲಿ ಅತ್ಯಂತ ಧೈರ್ಯದ ಮಾತು ಇರುವುದು ಆ ಕೊನೆಯ ಸಾಲಿನಲ್ಲೇ. ಸತ್ತವರು ಏಳುತ್ತಾರೆ ಎಂದು ನಾವು ಅಲ್ಲಿ ಸಾರುತ್ತೇವೆ. ಪ್ರೇಷಿತರ ವಿಶ್ವಾಸ ಸಂಗ್ರಹವಂತೂ ಇನ್ನೂ ಬಿಚ್ಚಿ ಹೇಳುತ್ತದೆ: ಈ ಶರೀರವೇ ಏಳುತ್ತದೆ.

ಭಾನುವಾರ ಹೀಗೆ ಹೇಳುವ ನಾವು, ಸಾವಿನ ಮನೆಗೆ ಹೋದಾಗ ಹೇಳುವುದೇನು? "ಪುಣ್ಯಾತ್ಮ, ಬಿಡುಗಡೆ ಆಯಿತು" ಎನ್ನುತ್ತೇವೆ. "ದೇಹ ಮಣ್ಣಿನದು, ಮಣ್ಣಿಗೆ ಹೋಯಿತು, ಆತ್ಮ ಮಾತ್ರ ಶಾಶ್ವತ" ಎನ್ನುತ್ತೇವೆ. ನಮ್ಮ ಬೀದಿಗಳ ಫ್ಲೆಕ್ಸ್ ಬೋರ್ಡುಗಳಲ್ಲಿ "ಮತ್ತೆ ಹುಟ್ಟಿ ಬಾ" ಎಂಬ ಬರಹವನ್ನು ದಿನವೂ ನೋಡಿ ನೋಡಿ, ಕ್ರೈಸ್ತರ ಮನೆಯಲ್ಲೂ ಅದೇ ಮಾತು ಬಾಯಿಗೆ ಬರುತ್ತದೆ. ಓದಿದವರು, "ಅವರು ನಮ್ಮ ನೆನಪಿನಲ್ಲಿ ಬದುಕಿರುತ್ತಾರೆ" ಎಂದು ಸಮಾಧಾನ ಹೇಳುತ್ತಾರೆ. ನೆರೆಹೊರೆಯವರ ನಂಬಿಕೆಯನ್ನು ನಾವು ಗೌರವಿಸುತ್ತೇವೆ. ಸಮಾಧಾನ ಹೇಳಲು ಬಂದವರ ಒಳ್ಳೆಯ ಮನಸ್ಸನ್ನೂ ಗೌರವಿಸುತ್ತೇವೆ. ಆದರೆ ಇವು ಯಾವುವೂ ಕ್ರೈಸ್ತರ ನಿರೀಕ್ಷೆಯಲ್ಲ. ಮನುಷ್ಯನು ಒಂದೇ ಸಾರಿ ಸಾಯುತ್ತಾನೆ, ಆಮೇಲೆ ನ್ಯಾಯತೀರ್ಪು ಎನ್ನುತ್ತದೆ ಹಿಬ್ರಿಯರಿಗೆ ಬರೆದ ಪತ್ರ. ನೆನಪಿನಲ್ಲಿ ಬದುಕುವುದೆಂದರೆ, ನೆನೆಯುವವರು ಸತ್ತ ಮೇಲೆ ಅದೂ ಇಲ್ಲ. ನಮ್ಮ ಅಜ್ಜನ ಅಜ್ಜಿಯ ಹೆಸರು ಇಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಇದು ಪಂಡಿತರ ವಾದವೆಂದು ತಳ್ಳಿಬಿಡುವಂತಿಲ್ಲ. 2020 ಮತ್ತು 2021ರಲ್ಲಿ ಕೋವಿಡ್ ಕಾಯಿಲೆ ಬಂದಾಗ ಎಷ್ಟೋ ಮನೆಗಳವರಿಗೆ ತಮ್ಮವರ ಮುಖವನ್ನು ಕಡೆಯ ಬಾರಿ ನೋಡಲೂ ಆಗಲಿಲ್ಲ. ದೇಹಕ್ಕೆ ಸ್ನಾನವಿಲ್ಲ, ಹೊಸ ಬಟ್ಟೆಯಿಲ್ಲ, ಕೈಗೆ ಜಪಸರವಿಲ್ಲ. ಚೀಲದಲ್ಲಿ ಸುತ್ತಿದ ದೇಹವನ್ನು ದೂರದಿಂದ ನೋಡಿ ಕೈಮುಗಿದವರಿದ್ದಾರೆ. ಬೇರೆ ದಾರಿಯಿಲ್ಲದೆ ದಹನಕ್ಕೆ ಒಪ್ಪಿದವರಿದ್ದಾರೆ. ಆ ಮನೆಗಳಲ್ಲಿ ಒಂದು ಪ್ರಶ್ನೆ ಇನ್ನೂ ಉಳಿದುಕೊಂಡಿದೆ. ಜೋರಾಗಿ ಕೇಳಲು ಸಂಕೋಚ, ಪಾಪನಿವೇದನೆಗೆ ಬಂದಾಗಲೋ, ನವೆಂಬರ್ ತಿಂಗಳಲ್ಲಿ ಪೂಜೆ ಬರೆಸಲು ಬಂದಾಗಲೋ ಮೆಲ್ಲನೆ ಕೇಳುತ್ತಾರೆ: "ಸ್ವಾಮಿ, ಸುಟ್ಟು ಬೂದಿಯಾದ ದೇಹಕ್ಕೂ ಪುನರುತ್ಥಾನ ಉಂಟೇ? ಸರಿಯಾಗಿ ಮಣ್ಣು ಮಾಡಲಿಲ್ಲವಲ್ಲ, ಏನಾದರೂ ತಪ್ಪಾಯಿತೇ?"

ಪ್ರಿಯ ಓದುಗರೇ, ಈ ಪ್ರಶ್ನೆ ಹೊಸದಲ್ಲ. ಧರ್ಮಸಭೆಯು ಇದಕ್ಕೆ ಎರಡನೇ ಶತಮಾನದಲ್ಲೇ ಉತ್ತರ ಕೊಟ್ಟಿದೆ. ಅದನ್ನು ಕೇಳುವುದಕ್ಕೆ ಮೊದಲು, ಸಾವಿನ ಮುಂದೆ ನಮ್ಮ ಪ್ರಭುವೇ ಹೇಗೆ ನಿಂತರೆಂಬುದನ್ನು ನೋಡೋಣ.

ಸಮಾಧಿಯ ಮುಂದೆ ಅತ್ತ ಪ್ರಭು

ಸಂತ ಯೊವಾನ್ನರ ಶುಭಸಂದೇಶದ 11ನೆಯ ಅಧ್ಯಾಯವನ್ನು ತೆರೆಯಿರಿ. ಬೆಥಾನಿಯದ ಲಾಸರನು ಸತ್ತು ನಾಲ್ಕು ದಿನಗಳಾಗಿವೆ. ಪ್ರಭು ಬಂದಾಗ ಮಾರ್ತಾ ಎದುರುಗೊಂಡು, ನೀವು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು ಆಕ್ಷೇಪಿಸುತ್ತಾಳೆ. ಪ್ರಭು ಅವಳನ್ನು ಗದರಿಸುವುದಿಲ್ಲ. ತಾನೇ ಪುನರುತ್ಥಾನ, ತಾನೇ ಜೀವ ಎಂದು ಅವಳಿಗೆ ತಿಳಿಸುತ್ತಾರೆ. ಇನ್ನು ಕೆಲವೇ ನಿಮಿಷಗಳಲ್ಲಿ ಲಾಸರನನ್ನು ಎಬ್ಬಿಸುವೆನೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಸಮಾಧಿಯತ್ತ ನಡೆಯುವಾಗ ಅವರು ಕಣ್ಣೀರಿಟ್ಟರು.

ಏಕೆ ಅತ್ತರು? ಸಾವು ಸಣ್ಣ ವಿಷಯವಲ್ಲ ಎಂಬುದಕ್ಕಾಗಿ. "ಬಿಡುಗಡೆ ಆಯಿತು" ಎಂದು ಪ್ರಭು ಹೇಳಲಿಲ್ಲ. ಸಾವನ್ನು ಗೆಳೆಯನೆಂದೋ ಪ್ರಕೃತಿ ನಿಯಮವೆಂದೋ ಅವರು ಕರೆಯಲಿಲ್ಲ. ಸಂತ ಪೌಲರು ಅದಕ್ಕೆ ಕೊಟ್ಟ ಹೆಸರು ಶತ್ರು. ಕ್ರಿಸ್ತನು ಸೋಲಿಸಬೇಕಾಗಿರುವ ಶತ್ರುಗಳಲ್ಲಿ ಕಟ್ಟಕಡೆಯದು ಸಾವು ಎಂದು ಅವರು ಕೊರಿಂಥಿಯರಿಗೆ ಬರೆದರು (1 ಕೊರಿಂಥ 15:26). ಆದ್ದರಿಂದ ಸಾವಿನ ಮನೆಯಲ್ಲಿ ಅಳುವವರನ್ನು "ಅಳಬೇಡ, ಅತ್ತರೆ ಆತ್ಮಕ್ಕೆ ಶಾಂತಿ ಸಿಗುವುದಿಲ್ಲ" ಎಂದು ಬಾಯಿ ಮುಚ್ಚಿಸಬೇಡಿ. ನಂಬಿಕೆಯುಳ್ಳವರು ಅಳಬಾರದೆಂದು ಪ್ರೇಷಿತರು ಯಾರೂ ಕಲಿಸಲಿಲ್ಲ. ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂದಷ್ಟೇ ಪೌಲರು ಥೆಸಲೋನಿಕದವರಿಗೆ ಬರೆದರು. ದುಃಖಿಸಬೇಡಿ ಎಂಬುದು ಒಂದು ಮಾತು. ನಿರೀಕ್ಷೆಯಿಲ್ಲದೆ ದುಃಖಿಸಬೇಡಿ ಎಂಬುದು ಬೇರೆಯೇ ಮಾತು.

ಚಿಕ್ಕ ಮಗುವನ್ನು ಕಳೆದುಕೊಂಡ ತಾಯಿಗೆ, "ದೇವರಿಗೆ ಆ ಹೂ ಬೇಕಾಗಿತ್ತು, ಕಿತ್ತುಕೊಂಡರು" ಎಂದು ಹೇಳುವವರಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ದೇವರು ಹೂ ಕೀಳುವವರಲ್ಲ. ಅವರು ಸಮಾಧಿಯ ಮುಂದೆ ನಿಂತು ಆ ತಾಯಿಯ ಜೊತೆ ಅಳುವವರು, ಆಮೇಲೆ ಕಲ್ಲನ್ನು ಉರುಳಿಸುವವರು.

ಇಲ್ಲಿ ಇನ್ನೊಂದು ವಿಷಯವನ್ನು ಗಮನಿಸಿ. ಲಾಸರನು ಮರಳಿ ಬಂದದ್ದು ಇದೇ ಬದುಕಿಗೆ. ಅವನು ಮತ್ತೊಮ್ಮೆ ಸಾಯಬೇಕಾಗಿತ್ತು. ಪ್ರಭು ಯೇಸು ಮೂರನೆಯ ದಿನ ಎದ್ದದ್ದು ಹಾಗಲ್ಲ. ಅವರು ಸಾವಿನಿಂದ ಹಿಂದಕ್ಕೆ ಬಂದವರಲ್ಲ. ಸಾವನ್ನು ದಾಟಿ ಆಚೆಗೆ ಹೋದವರು. ಸಾವಿಗೆ ಇನ್ನು ಅವರ ಮೇಲೆ ಯಾವ ಅಧಿಕಾರವೂ ಇಲ್ಲ. ಆದರೂ ಅವರು ಬರಿಯ ಆತ್ಮವಾಗಿ ಕಾಣಿಸಿಕೊಳ್ಳಲಿಲ್ಲ. ಭೂತವೆಂದು ಬೆದರಿದ ಶಿಷ್ಯರಿಗೆ ಕೈಕಾಲುಗಳನ್ನು ತೋರಿಸಿದರು, ಅವರ ಮುಂದೆ ಸುಟ್ಟ ಮೀನಿನ ತುಂಡನ್ನು ತಿಂದರು ಎಂದು ಸಂತ ಲೂಕರು ಬರೆಯುತ್ತಾರೆ. ತೋಮನಿಗೆ ಗಾಯಗಳನ್ನು ತೋರಿಸಿದರು. ಶಿಲುಬೆಗೆ ಜಡಿದ ದೇಹವೇ ಎದ್ದಿತು. ಗಾಯಗಳು ಹಾಗೆಯೇ ಉಳಿದವು, ನೋವು ಮಾತ್ರ ಉಳಿಯಲಿಲ್ಲ.

ಮನೆಗೆ ಬಂದ ಮೊದಲ ತೆನೆ

ಕೊರಿಂಥದ ಕೆಲವು ಕ್ರೈಸ್ತರಿಗೆ ಇದು ನುಂಗಲಾರದ ತುತ್ತಾಗಿತ್ತು. ಗ್ರೀಕರಲ್ಲಿ ಅನೇಕರಿಗೆ ದೇಹವೆಂದರೆ ಸೆರೆಮನೆ. ಆತ್ಮವು ಅದರಿಂದ ತಪ್ಪಿಸಿಕೊಂಡರೆ ಅದೇ ಮೋಕ್ಷ. ಅಥೆನ್ಸ್ ನಗರದಲ್ಲಿ ಪೌಲರು ಸತ್ತವರ ಪುನರುತ್ಥಾನದ ಮಾತೆತ್ತಿದ ಕೂಡಲೇ ಕೆಲವರು ನಕ್ಕರೆಂದು ಪ್ರೇಷಿತರ ಕಾರ್ಯಕಲಾಪಗಳು ಹೇಳುತ್ತವೆ. ಆ ನಗುವಿಗೆ ಪೌಲರು ಕೊಟ್ಟ ಉತ್ತರ ಕೊರಿಂಥಿಯರಿಗೆ ಬರೆದ ಮೊದಲನೇ ಪತ್ರದ 15ನೆಯ ಅಧ್ಯಾಯದಲ್ಲಿದೆ.

ಮೊದಲು ಅವರು ಸಾಕ್ಷಿಗಳನ್ನು ಕರೆಯುತ್ತಾರೆ. ಎದ್ದ ಪ್ರಭುವನ್ನು ಪೇತ್ರ ಕಂಡನು, ಹನ್ನೆರಡು ಮಂದಿ ಕಂಡರು, ಒಂದೇ ಸಮಯದಲ್ಲಿ ಐನೂರಕ್ಕೂ ಹೆಚ್ಚು ಸಹೋದರರು ಕಂಡರು, ಅವರಲ್ಲಿ ಬಹುಮಂದಿ ಇನ್ನೂ ಬದುಕಿದ್ದಾರೆ ಎನ್ನುತ್ತಾರೆ. ಅಂದರೆ, ಅನುಮಾನವಿದ್ದರೆ ಹೋಗಿ ಕೇಳಿರಿ ಎಂದಂತೆ. ಪ್ರಭು ಎದ್ದು ಸುಮಾರು ಇಪ್ಪತ್ತೈದು ವರ್ಷಗಳಾದಾಗ ಬರೆದ ಪತ್ರವಿದು. ಕ್ರಿಸ್ತನು ಏಳಲಿಲ್ಲವಾದರೆ ನಮ್ಮ ಬೋಧನೆ ಪೊಳ್ಳು, ನಿಮ್ಮ ವಿಶ್ವಾಸವೂ ಪೊಳ್ಳು ಎಂದು ಪೌಲರು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. ನಮ್ಮ ಗುಡಿ, ಗುರುಗಳು, ಹಬ್ಬ, ಜಪ ಎಲ್ಲವೂ ಈ ಒಂದು ಗಂಟಿನ ಮೇಲೆ ನಿಂತಿವೆ.

ಆಮೇಲೆ ಅವರು ಹೊಲದ ಕಡೆಗೆ ಕೈತೋರಿಸುತ್ತಾರೆ. ಕ್ರಿಸ್ತನು ಸತ್ತವರಲ್ಲಿ ಪ್ರಥಮ ಫಲ ಎನ್ನುತ್ತಾರೆ. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಕರಾವಳಿಯ ಜನರಿಗೆ ಯಾವ ವ್ಯಾಖ್ಯಾನವೂ ಬೇಡ. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನದ ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಗುಡಿಯಲ್ಲಿ ಮಂತ್ರಿಸಿ ಮನೆಗೆ ತರುತ್ತಾರೆ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಹೊಸ ಅಕ್ಕಿ ಉಣ್ಣುತ್ತಾರೆ. ಆ ದಿನ ಗದ್ದೆಯಲ್ಲಿ ಕೊಯ್ಲು ಇನ್ನೂ ಮುಗಿದಿಲ್ಲ. ಎಷ್ಟೋ ಕಡೆ ಶುರುವೂ ಆಗಿಲ್ಲ. ಆದರೂ ಯಾರೂ ಚಿಂತಿಸುವುದಿಲ್ಲ. ಮೊದಲ ತೆನೆ ಮನೆಗೆ ಬಂದ ಮೇಲೆ ಉಳಿದ ಬೆಳೆಯೂ ಹಿಂದೆಯೇ ಬರುತ್ತದೆಂದು ಗೊತ್ತು. ಅದೇ ಗದ್ದೆ, ಅದೇ ಬೀಜ, ಅದೇ ಮಳೆ. ಪಾಸ್ಖದ ಮುಂಜಾನೆ ಸಮಾಧಿಯಿಂದ ಎದ್ದು ತಂದೆಯ ಮನೆಯನ್ನು ಸೇರಿದ ಪ್ರಭು ಆ ಮೊದಲ ತೆನೆ. ನಮ್ಮ ಸಮಾಧಿ ತೋಟಗಳು ಇನ್ನೂ ಕೊಯ್ಯದ ಗದ್ದೆಗಳು.

ಯಾವ ದೇಹದಿಂದ ಏಳುತ್ತಾರೆ ಎಂದು ಕೇಳುವವರಿಗೂ ಪೌಲರು ಬೀಜವನ್ನೇ ತೋರಿಸುತ್ತಾರೆ. ಬಿತ್ತುವುದು ಕಾಳು, ಏಳುವುದು ಹಸಿರು ಪೈರು. ಎರಡೂ ನೋಡಲು ಒಂದೇ ಅಲ್ಲ. ಆದರೆ ರಾಗಿ ಬಿತ್ತಿದಲ್ಲಿ ಜೋಳ ಏಳುವುದಿಲ್ಲ. ಹಾಗೆಯೇ ಏಳುವವರು ನಾವೇ, ಬೇರೆ ಯಾರೋ ಅಲ್ಲ. ನಿಮ್ಮ ತಾಯಿ ನಿಮ್ಮ ತಾಯಿಯಾಗಿಯೇ ಏಳುತ್ತಾರೆ. ಆದರೆ ಮಂಡಿನೋವಿನ, ಮಸುಕು ಕಣ್ಣಿನ, ನಡುಗುವ ಕೈಯ ದೇಹ ಅಲ್ಲ. ಅಳಿಯದ, ಮಹಿಮೆಯ ದೇಹ. ಅದು ಹೇಗಿರುತ್ತದೆ ಎಂಬುದು ನಮ್ಮ ಊಹೆಗೆ ಮೀರಿದ್ದು. ಕಾಳನ್ನು ಮಾತ್ರ ಕಂಡವನಿಗೆ ಪೈರನ್ನು ಹೇಗೆ ವರ್ಣಿಸುವುದು?

ನದಿಗೆ ಸುರಿದ ಬೂದಿ

ಈಗ ಆ ಮನೆಗಳ ಪ್ರಶ್ನೆಗೆ ಬರೋಣ. ಕಾಳು ಮಣ್ಣಿಗೆ ಬಿದ್ದರೆ ಸರಿ, ಬೆಂಕಿಗೆ ಬಿದ್ದರೆ?

ಕ್ರಿಸ್ತಶಕ 177ರಲ್ಲಿ, ಮಾರ್ಕಸ್ ಔರೇಲಿಯಸ್ ಚಕ್ರವರ್ತಿಯ ಕಾಲದಲ್ಲಿ, ಇಂದಿನ ಫ್ರಾನ್ಸಿನ ಲಿಯೋನ್ ನಗರದಲ್ಲಿ ಕ್ರೈಸ್ತರನ್ನು ಹಿಡಿದು ಹಿಂಸಿಸಲಾಯಿತು. ಅಲ್ಲಿನ ಧರ್ಮಾಧ್ಯಕ್ಷರಾದ ಸಂತ ಪೊಥಿನುಸರಿಗೆ ತೊಂಬತ್ತು ದಾಟಿತ್ತು. ಜನರು ಅವರನ್ನು ಹೊಡೆದು ತುಳಿದರು. ಎರಡು ದಿನಗಳ ನಂತರ ಅವರು ಸೆರೆಯಲ್ಲಿ ಪ್ರಾಣಬಿಟ್ಟರು. ಬ್ಲಾಂದಿನಾ ಎಂಬಾಕೆ ಒಬ್ಬ ದಾಸಿ. ಮೈಯಲ್ಲಿ ಶಕ್ತಿಯಿಲ್ಲದ ಈಕೆ ಎಲ್ಲಿ ಸೋತುಬಿಡುತ್ತಾಳೋ ಎಂದು ಜೊತೆಯವರೇ ಹೆದರಿದ್ದರು. ಬೆಳಗಿನಿಂದ ಸಂಜೆಯವರೆಗೆ ಹಿಂಸಿಸಿ ದಣಿದವರು ಹಿಂಸಕರೇ ಹೊರತು ಆಕೆಯಲ್ಲ. ಪೊಂತಿಕುಸ್ ಎಂಬ ಸುಮಾರು ಹದಿನೈದು ವರ್ಷದ ಹುಡುಗನಿಗೆ ಆಕೆ ತಾಯಿಯಂತೆ ಧೈರ್ಯ ಹೇಳಿ ತನಗಿಂತ ಮುಂಚೆ ಪ್ರಭುವಿನ ಬಳಿಗೆ ಕಳುಹಿಸಿದಳು.

ಅವರು ಸತ್ತ ಮೇಲೂ ವೈರಿಗಳ ಕೋಪ ತಣಿಯಲಿಲ್ಲ. ದೇಹಗಳನ್ನು ಹೂಳಲು ಬಿಡದೆ ಹಗಲೂ ರಾತ್ರಿ ಕಾವಲು ಹಾಕಿದರು. ಉಳಿದ ಕ್ರೈಸ್ತರು ಬೇಡಿಕೊಂಡರು, ಹಣವನ್ನೂ ಕೊಡಲು ಮುಂದಾದರು, ಪ್ರಯೋಜನವಾಗಲಿಲ್ಲ. ಆರು ದಿನ ಬಯಲಿನಲ್ಲಿ ಬಿಟ್ಟ ಮೇಲೆ ಆ ದೇಹಗಳನ್ನು ಸುಟ್ಟು, ಬೂದಿಯನ್ನು ಗುಡಿಸಿ ಪಕ್ಕದಲ್ಲೇ ಹರಿಯುವ ರೋನ್ ನದಿಗೆ ಸುರಿದರು. ಏಕೆ? ಕಾರಣವನ್ನು ಅವರೇ ಹೇಳಿದರು. ಈ ಜನ ಪುನರುತ್ಥಾನವನ್ನು ನಂಬಿಯೇ ಸಾವಿಗೆ ಹೆದರದೆ ನಗುತ್ತಾ ಹೋಗುತ್ತಾರೆ. ಈಗ ಹೇಗೆ ಏಳುತ್ತಾರೋ ನೋಡೋಣ ಎಂದು. ಇವೆಲ್ಲವೂ ಲಿಯೋನ್ ಮತ್ತು ವಿಯೆನ್ ಸಭೆಗಳವರು ಏಷ್ಯಾದ ಸಹೋದರರಿಗೆ ಬರೆದ ಪತ್ರದಲ್ಲಿವೆ. ಇತಿಹಾಸಕಾರ ಯುಸೇಬಿಯುಸ್ ಅದನ್ನು ತಮ್ಮ ಗ್ರಂಥದಲ್ಲಿ ಉಳಿಸಿಕೊಟ್ಟಿದ್ದಾರೆ.

ಸಹೋದರರೇ, ಆ ಉಳಿದ ಕ್ರೈಸ್ತರ ಸ್ಥಿತಿಯನ್ನು ನೆನೆಯಿರಿ. ನದಿ ಎಲ್ಲವನ್ನೂ ಹೊತ್ತುಕೊಂಡು ಹೋಗಿದೆ. ಹೂ ಇಡಲು ಒಂದು ಹಿಡಿ ಮಣ್ಣೂ ಇಲ್ಲ. ತಮ್ಮವರನ್ನು ಹೂಳಲಾಗದ ಸಂಕಟವನ್ನು ಅವರು ಪತ್ರದಲ್ಲಿ ಮುಚ್ಚಿಡುವುದಿಲ್ಲ. ಆದರೆ ವೈರಿಗಳು ಗೆದ್ದರೆಂದು ಅವರು ಒಂದು ಕ್ಷಣವೂ ಒಪ್ಪಲಿಲ್ಲ. ನಮ್ಮವರು ಏಳಲಾರರೆಂದು ಅವರು ಬರೆಯಲಿಲ್ಲ. ದೇವರನ್ನೇ ಸೋಲಿಸಬಹುದೆಂದು ಭಾವಿಸಿದವರ ಮೂರ್ಖತನವನ್ನು ಬರೆದಿಟ್ಟರು.

ಸಂತ ಐರೇನಿಯುಸರ ಉತ್ತರ

ಆ ದಿನಗಳಲ್ಲಿ ಲಿಯೋನಿನ ಗುರುಗಳಲ್ಲಿ ಐರೇನಿಯುಸ್ ಎಂಬುವರಿದ್ದರು. ಸೆರೆಯಲ್ಲಿದ್ದವರು ಅವರ ಕೈಯಲ್ಲಿ ರೋಮಿನ ಜಗದ್ಗುರುಗಳಿಗೆ ಒಂದು ಪತ್ರವನ್ನು ಕಳುಹಿಸಿದ್ದರು. ಹಿಂಸೆ ಮುಗಿದ ಮೇಲೆ ಪೊಥಿನುಸರ ಸ್ಥಾನಕ್ಕೆ ಅವರೇ ಧರ್ಮಾಧ್ಯಕ್ಷರಾದರು. ಬಾಲ್ಯದಲ್ಲಿ ಅವರು ಸ್ಮಿರ್ನಾದ ಸಂತ ಪೋಲಿಕಾರ್ಪರ ಉಪದೇಶ ಕೇಳಿದವರು. ಆ ಪೋಲಿಕಾರ್ಪರು ಪ್ರಭುವಿನ ಶಿಷ್ಯ ಯೊವಾನ್ನರಿಂದ ಕೇಳಿದವರು. ಅಂದರೆ, ಎದ್ದ ಪ್ರಭುವನ್ನು ಕಂಡವರಿಂದ ಬಂದ ಮಾತು ಒಬ್ಬರನ್ನೇ ದಾಟಿ ಇವರ ಕಿವಿಗೆ ಬಿದ್ದಿತ್ತು.

ಸುಮಾರು 180ರಲ್ಲಿ ಐರೇನಿಯುಸರು ಪಾಷಂಡ ಮತಗಳನ್ನು ಖಂಡಿಸಿ ಐದು ಭಾಗಗಳ ದೊಡ್ಡ ಗ್ರಂಥವನ್ನು ಬರೆದರು. ದೇಹ ಕೀಳು, ಅದಕ್ಕೆ ರಕ್ಷಣೆಯಿಲ್ಲ, ಆತ್ಮ ಮಾತ್ರ ದೇವರದು ಎಂದು ಕಲಿಸುವವರು ಆಗ ಎಲ್ಲೆಡೆ ಇದ್ದರು. ತನ್ನ ಜನರ ಬೂದಿ ನದಿಯಲ್ಲಿ ಹರಿದುಹೋದ ಊರಿನ ಧರ್ಮಾಧ್ಯಕ್ಷರು ಇದಕ್ಕೆ ಒಪ್ಪುವುದುಂಟೇ? ಅವರ ವಾದದಲ್ಲಿ ಎರಡು ಮಾತುಗಳನ್ನು ನಾವು ಹೃದಯದಲ್ಲಿ ಇಟ್ಟುಕೊಳ್ಳಬೇಕು.

ಮೊದಲನೆಯದು: ಇಲ್ಲದಿದ್ದ ಮನುಷ್ಯನನ್ನು, ಎಲುಬು ನರ ರಕ್ತ ಸಹಿತ ಮೊದಲ ಬಾರಿಗೆ ಉಂಟುಮಾಡುವುದು ಕಷ್ಟವೋ, ಒಮ್ಮೆ ಇದ್ದು ಮಣ್ಣಾದವನನ್ನು ಮತ್ತೆ ಎಬ್ಬಿಸುವುದು ಕಷ್ಟವೋ? ಮೊದಲನೆಯದನ್ನು ಮಾಡಿದ ದೇವರಿಗೆ ಎರಡನೆಯದು ಅಸಾಧ್ಯವೇ? ನೀವು ಹುಟ್ಟುವುದಕ್ಕೆ ನೂರು ವರ್ಷ ಮೊದಲು ಎಲ್ಲಿದ್ದಿರಿ? ಒಂದು ಹಿಡಿ ಬೂದಿಯಷ್ಟೂ ಇರಲಿಲ್ಲ. ಆಗ ನಿಮ್ಮನ್ನು ಕರೆದವನಿಗೆ ಈಗ ಕರೆಯಲು ಬೆಂಕಿ ಅಡ್ಡಿಯಾದೀತೇ?

ಎರಡನೆಯದು ಇನ್ನೂ ಆಳವಾದದ್ದು. ನಾವು ಬಲಿಪೂಜೆಯಲ್ಲಿ ಪ್ರಭುವಿನ ಶರೀರ ರಕ್ತಗಳನ್ನು ಸೇವಿಸುತ್ತೇವೆ. ನಮ್ಮ ಆತ್ಮಕ್ಕೆ ಬಾಯಿಯಿಲ್ಲ. ಸೇವಿಸುವುದು ಈ ನಾಲಿಗೆ, ಈ ದೇಹ. ಪ್ರಭುವಿನ ಶರೀರದಿಂದ ಪೋಷಿತವಾದ ಈ ದೇಹ ನಾಶವಾಗಿಯೇ ಉಳಿಯುತ್ತದೆ ಎಂದು ಹೇಗೆ ಹೇಳುತ್ತೀರಿ ಎಂದು ಐರೇನಿಯುಸರು ಕೇಳುತ್ತಾರೆ. ಮಣ್ಣಿಗೆ ಬಿದ್ದ ಗೋಧಿ ಎದ್ದು, ರೊಟ್ಟಿಯಾಗಿ, ದೇವರ ವಾಕ್ಯದಿಂದ ಪರಮಪ್ರಸಾದವಾಗುತ್ತದೆ. ಆ ಪ್ರಸಾದವನ್ನುಂಡ ದೇಹಗಳೂ ಮಣ್ಣಿಗೆ ಬಿದ್ದು, ತಕ್ಕ ಕಾಲದಲ್ಲಿ ಏಳುತ್ತವೆ. ಜಗದ್ಗುರು ಫ್ರಾನ್ಸಿಸ್‌ರವರು 2022ರ ಜನವರಿ 21ರಂದು ಈ ಸಂತರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು.

ಈ ಉತ್ತರವನ್ನು ಕೋವಿಡ್‌ನಲ್ಲಿ ತಮ್ಮವರನ್ನು ಕಳೆದುಕೊಂಡ ಮನೆಗಳು ತಮ್ಮದೆಂದು ಹಿಡಿದುಕೊಳ್ಳಲಿ. ಕಡಲಿಗೆ ಹೋಗಿ ಮರಳದವರ ಮನೆಗಳು ಹಿಡಿದುಕೊಳ್ಳಲಿ. ಕಡೆಯ ದಿನ ಸಮುದ್ರವೂ ತನ್ನಲ್ಲಿರುವ ಸತ್ತವರನ್ನು ಒಪ್ಪಿಸುತ್ತದೆಂದು ಪ್ರಕಟನಾ ಗ್ರಂಥ ಹೇಳುತ್ತದೆ. 2010ರ ಮೇ 22ರಂದು ಮಂಗಳೂರಿನ ವಿಮಾನ ದುರಂತದಲ್ಲಿ 158 ಮಂದಿ ಸತ್ತರು. ಗುರುತು ಸಿಗದ ಕೆಲವು ದೇಹಗಳನ್ನು ಒಟ್ಟಾಗಿ ಮಣ್ಣು ಮಾಡಬೇಕಾಯಿತು. ನಮಗೆ ಗುರುತು ಸಿಗದಿರಬಹುದು. ಅವರ ಹೆಸರು ಹಿಡಿದು ಕರೆಯಬಲ್ಲವನಿಗೆ ಗುರುತು ತಪ್ಪುವುದಿಲ್ಲ.

ಹಾಗಾದರೆ ದಹನ ಸರಿಯೇ?

ಇಲ್ಲಿ ಒಬ್ಬರು ಕೇಳಬಹುದು: ದೇವರು ಬೂದಿಯಿಂದಲೂ ಎಬ್ಬಿಸುವುದಾದರೆ, ಮಣ್ಣು ಮಾಡಿದರೇನು, ಸುಟ್ಟರೇನು? ದೇಹವನ್ನು ಹೇಗೆ ಕಳುಹಿಸಿದರೂ ಒಂದೇ ಅಲ್ಲವೇ?

ಒಂದೇ ಅಲ್ಲ. ದೇವರ ಶಕ್ತಿಗೆ ವ್ಯತ್ಯಾಸವಿಲ್ಲ, ನಮ್ಮ ಗೌರವಕ್ಕೆ ಇದೆ. ಪುನರುತ್ಥಾನವನ್ನು ಹಾಸ್ಯ ಮಾಡಲೆಂದೇ ದಹನವನ್ನು ಪ್ರಚಾರ ಮಾಡುವವರು ಯೂರೋಪಿನಲ್ಲಿದ್ದ ಕಾಲದಲ್ಲಿ, 1886ರಲ್ಲಿ, ಧರ್ಮಸಭೆ ಅದನ್ನು ನಿಷೇಧಿಸಿತ್ತು. 1963ರಲ್ಲಿ ಆ ನಿಷೇಧವನ್ನು ಸಡಿಲಿಸಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯೂ, ಹೂಳುವ ಭಕ್ತಿಯ ಸಂಪ್ರದಾಯವನ್ನೇ ಮನಃಪೂರ್ವಕ ಶಿಫಾರಸು ಮಾಡುತ್ತದೆ. ಕ್ರೈಸ್ತ ಬೋಧನೆಗೆ ವಿರುದ್ಧವಾದ ಉದ್ದೇಶವಿಲ್ಲದಿದ್ದರೆ ದಹನವನ್ನು ನಿಷೇಧಿಸುವುದಿಲ್ಲ. 2016ರಲ್ಲಿ ರೋಮಿನಿಂದ ಬಂದ ಸೂಚನೆಯ ಪ್ರಕಾರ ಬೂದಿಯನ್ನು ಸಮಾಧಿ ತೋಟದಂಥ ಪವಿತ್ರ ಸ್ಥಳದಲ್ಲಿಡಬೇಕು. ಗಾಳಿಗೆ, ನೀರಿಗೆ, ನೆಲಕ್ಕೆ ಚೆಲ್ಲಬಾರದು, ಮಕ್ಕಳು ಹಂಚಿಕೊಳ್ಳಬಾರದು, ಸಾಮಾನ್ಯವಾಗಿ ಮನೆಯಲ್ಲಿಡಬಾರದು. 2023ರಲ್ಲಿ ಬಂದ ವಿವರಣೆಯು ವಿಶೇಷ ಸಂದರ್ಭಗಳಲ್ಲಿ ಸ್ವಲ್ಪ ವಿನಾಯಿತಿಗೆ ಎಡೆ ಕೊಟ್ಟಿದೆ. ಅಂಥ ಸಂದರ್ಭ ಬಂದರೆ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕೇಳಿರಿ. ಆದ್ದರಿಂದ ಕಷ್ಟಕಾಲದಲ್ಲಿ ದಹನ ಮಾಡಬೇಕಾಗಿ ಬಂದವರು ಪಾಪ ಮಾಡಿದೆವೆಂದು ಕೊರಗಬೇಕಾಗಿಲ್ಲ. ಬೂದಿ ಇನ್ನೂ ಮನೆಯ ಬೀರುವಿನಲ್ಲಿದ್ದರೆ, ತಡವಾಯಿತೆಂದು ನಾಚದೆ ಗುರುಗಳ ಬಳಿಗೆ ಹೋಗಿ ಪವಿತ್ರ ಸ್ಥಳದಲ್ಲಿಡುವ ಏರ್ಪಾಡು ಮಾಡಿ.

ಇಂಗ್ಲಿಷಿನವರು ಸಮಾಧಿ ತೋಟವನ್ನು ಸೆಮೆಟರಿ ಎನ್ನುತ್ತಾರಲ್ಲ, ಆ ಮಾತು ಗ್ರೀಕಿನಿಂದ ಬಂದದ್ದು. ಅದರ ಅರ್ಥ ಮಲಗುವ ಸ್ಥಳ. ಮಲಗಿದವರು ಏಳುತ್ತಾರೆಂದೇ ನಮ್ಮ ಹಿರಿಯರು ದೇಹವನ್ನು ತೊಳೆದು, ತೀರ್ಥ ಚಿಮುಕಿಸಿ, ಧೂಪ ಹಾಕಿ, ಮಗುವನ್ನು ಮಲಗಿಸುವಂತೆ ಮಣ್ಣಿನಲ್ಲಿ ಮಲಗಿಸಿದರು.

ಸಂತ ಅಗುಸ್ತೀನರ ತಾಯಿ ಸಂತ ಮೋನಿಕಾ 387ರಲ್ಲಿ ಇಟಲಿಯ ಒಸ್ತಿಯಾ ರೇವಿನಲ್ಲಿ ಕಾಯಿಲೆ ಬಿದ್ದರು. ಆಫ್ರಿಕದಲ್ಲಿ ಗಂಡನ ಸಮಾಧಿಯ ಪಕ್ಕದಲ್ಲೇ ತನ್ನನ್ನು ಹೂಳಬೇಕೆಂದು ಆಕೆ ಹಿಂದೆ ಬಹಳ ಆಸೆಪಟ್ಟಿದ್ದವರು. ಕೊನೆಗಾಲದಲ್ಲಿ ಆ ಆಸೆಯನ್ನು ಬಿಟ್ಟರು. ದೇಹವನ್ನು ಎಲ್ಲಿಯಾದರೂ ಇಡಿ, ಆದರೆ ನೀವು ಎಲ್ಲಿದ್ದರೂ ಪ್ರಭುವಿನ ಪೀಠದ ಮುಂದೆ ನನ್ನನ್ನು ನೆನೆಯಿರಿ ಎಂದಷ್ಟೇ ಮಕ್ಕಳನ್ನು ಕೇಳಿಕೊಂಡರು. ಪರದೇಶದಲ್ಲಿ ಮಣ್ಣಾಗಲು ಭಯವಿಲ್ಲವೇ ಎಂದು ಕೇಳಿದವರಿಗೆ, ದೇವರಿಗೆ ಯಾವುದೂ ದೂರವಲ್ಲ, ಲೋಕಾಂತ್ಯದಲ್ಲಿ ನನ್ನನ್ನು ಎಲ್ಲಿಂದ ಎಬ್ಬಿಸಬೇಕೆಂದು ಅವರಿಗೆ ತಿಳಿಯದೆ ಹೋದೀತೆಂಬ ಹೆದರಿಕೆ ನನಗಿಲ್ಲ ಎಂದು ಉತ್ತರಿಸಿದ್ದರು. ದುಬೈಯಲ್ಲೋ ಕುವೈತಿನಲ್ಲೋ ಮಕ್ಕಳಿರುವ ನಮ್ಮ ತಾಯಂದಿರು ಈ ಮಾತನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬಲ್ಲರು.

ನಮ್ಮ ಮನೆಗಳಲ್ಲಿ

ಈ ವಿಶ್ವಾಸ ಸತ್ಯವಾದರೆ ನಮ್ಮ ಮನೆಗಳಲ್ಲಿ ಏನೇನು ಬದಲಾಗಬೇಕು?

ಮೊದಲು, ಬದುಕಿರುವ ದೇಹವನ್ನು ಗೌರವಿಸೋಣ. ತಂದೆ ಸತ್ತ ಮೇಲೆ ಅಮೃತಶಿಲೆಯ ಸಮಾಧಿ ಕಟ್ಟಿಸಿ, ಫೋಟೋಗೆ ದಪ್ಪ ಹಾರ ಹಾಕುತ್ತೇವೆ. ಅದೇ ತಂದೆ ಎರಡು ವರ್ಷ ಹಾಸಿಗೆ ಹಿಡಿದಿದ್ದಾಗ ಒಂದು ಲೋಟ ನೀರಿಗಾಗಿ ಎಷ್ಟು ಬಾರಿ ಕೂಗಬೇಕಾಗಿತ್ತು? ಹಾಸಿಗೆ ಹಿಡಿದವರ ಮೈ ಒರೆಸುವ, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚುವ, ಮಲಮೂತ್ರ ಬಳಿಯುವ ಸೊಸೆಯೋ ಮಗಳೋ ಮಗನೋ ನಿಮ್ಮ ಮನೆಯಲ್ಲಿದ್ದರೆ, ಅವರು ಮಾಡುತ್ತಿರುವುದು ಬರಿಯ ಚಾಕರಿಯಲ್ಲ. ನಾಳೆ ಮಹಿಮೆಯಲ್ಲಿ ಏಳಲಿರುವ ದೇಹದ ಸೇವೆ ಅದು. ಅವರಿಗೆ ಕೈಜೋಡಿಸಿ. ಕುಡಿದು ಬಂದು ಹೆಂಡತಿಯ ಮೇಲೆ ಕೈಯೆತ್ತುವವನು, ದೇವರು ಎಬ್ಬಿಸಲಿರುವ ದೇಹದ ಮೇಲೆ ಕೈಯೆತ್ತುತ್ತಿದ್ದಾನೆಂದು ತಿಳಿಯಲಿ.

ಎರಡನೆಯದಾಗಿ, ಕಾಯಿಲೆಯವರ ಬಳಿಗೆ ಗುರುಗಳನ್ನು ಬೇಗ ಕರೆಯಿರಿ. "ಸ್ವಾಮಿಗಳು ಬಂದರೆ ಅಜ್ಜಿ ಹೆದರಿಕೊಳ್ಳುತ್ತಾರೆ" ಎಂದು ಮುಂದೂಡಿ, ಉಸಿರು ನಿಂತ ಮೇಲೆ ಫೋನು ಮಾಡುವ ಪದ್ಧತಿಯನ್ನು ಬಿಡೋಣ. ರೋಗಿಗಳ ಅಭ್ಯಂಗ ಸಾವಿನ ಚೀಟಿಯಲ್ಲ. ಬದುಕಿರುವವರಿಗೆ ಬಲ ಕೊಡುವ ಸಂಸ್ಕಾರ. ಹೊರಡುವವರಿಗೆ ಪರಮಪ್ರಸಾದವು ದಾರಿಯ ಬುತ್ತಿ.

ಮೂರನೆಯದಾಗಿ, ಸತ್ತವರಿಗಾಗಿ ಪ್ರಾರ್ಥಿಸುವುದನ್ನು ನಿಲ್ಲಿಸಬೇಡಿ. ಯುದ್ಧದಲ್ಲಿ ಮಡಿದವರಿಗಾಗಿ ಯೂದ ಮಕ್ಕಬಿಯನು ಹಣ ಕೂಡಿಸಿ ಜೆರುಸಲೇಮಿಗೆ ಕಳುಹಿಸಿ ಪಾಪಪರಿಹಾರ ಬಲಿಯನ್ನು ಒಪ್ಪಿಸಿದನು. ಅವರು ಏಳುವರೆಂದು ನಂಬಿದ್ದರಿಂದಲೇ ಹಾಗೆ ಮಾಡಿದನೆಂದು ಆ ಗ್ರಂಥ ಹೇಳುತ್ತದೆ. ಹಲವು ಊರುಗಳಲ್ಲಿ ಕಲ್ಲರೆ ಹಬ್ಬವೆಂದು ಕರೆಯುವ ನವೆಂಬರ್ 2ರಂದು ಸಮಾಧಿಗಳನ್ನು ಗುಡಿಸಿ, ಸುಣ್ಣ ಬಳಿದು, ಮೊಂಬತ್ತಿ ಹಚ್ಚುತ್ತೇವೆ. ಆ ದಿನ ಮಕ್ಕಳನ್ನೂ ಕರೆದೊಯ್ಯಿರಿ. "ಅಲ್ಲಿಗೆ ಹೋಗಬೇಡ, ದೆವ್ವ ಹಿಡಿಯುತ್ತದೆ" ಎಂದು ಹೆದರಿಸಬೇಡಿ. ಇದು ನಿನ್ನ ತಾತ ಮಲಗಿರುವ ಜಾಗ, ಪ್ರಭು ಬಂದು ಎಬ್ಬಿಸುವವರೆಗೆ ಇಲ್ಲಿ ಕಾಯುತ್ತಿದ್ದಾರೆ ಎಂದು ಹೇಳಿಕೊಡಿ. ಸಾವಿಗೆ ಹೆದರದಿರುವುದನ್ನು ಮಕ್ಕಳು ಕಲಿಯುವುದು ತಂದೆತಾಯಿಯ ಕೈ ಹಿಡಿದು ಸಮಾಧಿಯ ಮುಂದೆ ನಿಂತಾಗಲೇ.

ಪ್ರಿಯರೇ, ಸಾವು ಈಗಲೂ ನಮ್ಮ ಮನೆಗಳಿಗೆ ಬರುತ್ತದೆ. ಇಂದು ಈ ಪುಟವನ್ನು ಓದುತ್ತಿರುವವರಲ್ಲಿ ಕೆಲವರ ಮನೆಗೆ ಈ ವರ್ಷವೇ ಬರಬಹುದು. ಅದರ ಬೆನ್ನು ಮುರಿದಿದೆ, ಆದರೆ ಕಾಟ ನಿಂತಿಲ್ಲ. ಕಡೆಯ ದಿನದವರೆಗೆ ಅದು ನಮ್ಮನ್ನು ಅಳಿಸುತ್ತದೆ, ನಾವು ಅಳುತ್ತೇವೆ. ಆದರೆ ಅದು ತೆಗೆದುಕೊಂಡು ಹೋದದ್ದರಲ್ಲಿ ಯಾವುದನ್ನೂ ತನ್ನಲ್ಲೇ ಇಟ್ಟುಕೊಳ್ಳಲಾರದು. ರೋನ್ ನದಿ ಇಟ್ಟುಕೊಳ್ಳಲಿಲ್ಲ, ಕಡಲು ಇಟ್ಟುಕೊಳ್ಳುವುದಿಲ್ಲ, ಬೆಂಕಿಯೂ ಇಟ್ಟುಕೊಳ್ಳುವುದಿಲ್ಲ.

ಬರುವ ಭಾನುವಾರ ವಿಶ್ವಾಸ ಪ್ರಮಾಣದ ಕೊನೆಯ ಸಾಲಿಗೆ ಬಂದಾಗ ಆತುರಪಡಬೇಡಿ. ನೀವು ಕಳೆದುಕೊಂಡ ಒಬ್ಬರ ಮುಖವನ್ನು ಕಣ್ಣ ಮುಂದೆ ತಂದುಕೊಳ್ಳಿ. ಅವರ ಹೆಸರನ್ನು ಮನಸ್ಸಿನಲ್ಲೇ ಹೇಳಿ. ಆಮೇಲೆ ಆ ಸಾಲನ್ನು ಅವರಿಗಾಗಿ, ಅವರ ಪಕ್ಕದಲ್ಲೇ ನಿಂತವರಂತೆ, ಗಟ್ಟಿಯಾಗಿ ಹೇಳಿ.